ನೀರಿಗೆ ನಿಂತ ಗಾಡಿ

ಊರಿನ ಹೆಸರು ಬರೆಯುವುದಿಲ್ಲ. ವನದುರ್ಗದ ಕಡೆ ಎಂದು ಇಟ್ಟುಕೊಳ್ಳಿ, ಅದೂ ಪೂರ್ತಿ ನಿಜವಲ್ಲ. ಟೀಚರ್ ಅವರ ಹೆಸರನ್ನೂ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದಂತೆ ನಿಮಗೇ ಗೊತ್ತಾಗುತ್ತದೆ. ನನ್ನ ಹೆಸರು ಬರೆಯಲು ಏನೂ ಅಡ್ಡಿಯಿಲ್ಲ, ಆದರೆ ಇದುವರೆಗೆ ಅದನ್ನು ಯಾರೂ ಕೇಳಿಲ್ಲ. ಜನರಿಗೆ ಗೊತ್ತಿರುವುದು ನನ್ನ ದನಿ ಮಾತ್ರ.

ದನಿಯೇ ನನ್ನ ಕೆಲಸ. ಯಾದಗಿರಿ, ಶಹಾಪುರ, ಸುರಪುರದ ಔಷಧ ಅಂಗಡಿಗಳಿಂದ ಹಳ್ಳಿಗಳಿಗೆ ಔಷಧ ಮುಟ್ಟಿಸುವ ಸಣ್ಣ ಕಂಪನಿ ನಮ್ಮದು. ಕೆಲವು ಬ್ಯಾಟರಿ ಗಾಡಿಗಳು, ಗಾಡಿ ಎಲ್ಲಿದೆಯೆಂದು ಮ್ಯಾಪಿನಲ್ಲಿ ತೋರಿಸುವ ಒಂದು ಆ್ಯಪ್, ಶಹಾಪುರದಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಆಫೀಸು. ಗಾಡಿ ಊರು ಹೊಕ್ಕ ಕೂಡಲೇ ಗಿರಾಕಿಯ ಫೋನು ಮಾತಾಡುತ್ತದೆ: "ಗಾಡಿ ಬಂದೈತ್ರಿ, ಹೊರಗ ಬರ್ರಿ, ಚೀಟಿ ತರ್ರಿ." ಅದು ನಾನೇ. ಶಹಾಪುರದ ಕಡೆಗೆ ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಮಾತಾಡಿದ್ದೆ, ಸುರಪುರದ ಕಡೆಗೆ ಸೊಸೆಯನ್ನು ಕರೆಯುವ ಅತ್ತೆಯಾಗಿ, ಗುರುಮಠಕಲ್ ಕಡೆಗೆ ಅರ್ಧ ತೆಲುಗು ಬೆರೆಸಿದ ಮಾವನಾಗಿ. ಶಾಲೆಯಲ್ಲಿ ಇದೇ ವಿದ್ಯೆಗೆ ಹೊಡೆತ ತಿಂದಿದ್ದೆ. ಇಲ್ಲಿ ಸಂಬಳ ಕೊಟ್ಟರು. ಬಿಡುವಿನ ಹೊತ್ತಿನಲ್ಲಿ ಗಿರಾಕಿಗಳ ಫೋನ್ ಎತ್ತುವುದೂ ನನ್ನದೇ ಕೆಲಸ. ಅಂದರೆ ಇಡೀ ದಿನ.

ಒಂದು ಮಧ್ಯಾಹ್ನ ಫೋನ್ ಬಂತು. ನಮ್ಮ ಸಾಹೇಬರ ದನಿ ತೆಗೆದು, ಮೂಗಿನಲ್ಲಿ, "ನಮಸ್ಕಾರ್ರಿ, ಏನ್ ಸೇವಾ ಮಾಡ್ಲಿ?" ಎಂದೆ.

ಆ ಕಡೆ ಒಬ್ಬ ಹೆಣ್ಣುಮಗಳು. "ಆ್ಯಪಿನಾಗ ಮಾತಾಡವ್ರು ನೀವ ಏನ್ರಿ?"

"ಹೌದ್ರಿ. ಸಹಿ ಹಾಕಿದ ಫೋಟೋ ಬೇಕಿತ್ತೇನ್ರಿ?"

"ಬ್ಯಾಡ್ರಿ. ನಮ್ಮೂರ ಹುಡುಗ್ರು ನಿಮಕಿಂತ ಛಲೋ ತೆಗಿತಾರ ನಿಮ್ಮ ದನಿ."

ನಾನು ನಕ್ಕೆ. ಆಕೆ ನಗಲಿಲ್ಲ. ಒಂದೊಂದಾಗಿ ಹೇಳಿದರು. ಊರ ಹೊರಗೆ ಹೊಲದಲ್ಲಿ ಮನೆ. ಊರೊಳಗಿನ ಖಾಸಗಿ ಶಾಲೆಯಲ್ಲಿ ಟೀಚರ್. ಶಾಲೆಗೆ ಹೋಗುವ ದಾರಿಯಲ್ಲಿ ಚಹಾದ ಹೋಟೆಲು, ಹೋಟೆಲಿನ ಮುಂದೆ ಕಟ್ಟೆ. ಈಗ ಒಂದು ವಾರದಿಂದ ಆಕೆ ದಾಟಿ ಹೋಗುವಾಗ ಕಟ್ಟೆಯ ಮೇಲಿಂದ ಯಾರೋ ಒಬ್ಬ ಕಂಡಕ್ಟರನ ದನಿಯಲ್ಲಿ, ನನ್ನ ದನಿಯಲ್ಲಿ, ಕೂಗುತ್ತಾನೆ: "ಗಾಡಿ ಬಂದೈತ್ರಿ ಟೀಚರ್, ಹೊರಗ ಬರ್ರಿ, ಗುಳಿಗಿ ತಗೋರಿ."

ಗುಳಿಗೆ ಫಿಟ್ಸಿನದು. ಏಳನೇ ಇಯತ್ತೆಯಲ್ಲಿದ್ದಾಗ ಎರಡು ಸಲ ಬಿದ್ದಿದ್ದರಂತೆ. ಆಮೇಲೆ ದಿನಾ ಗುಳಿಗೆ ತೆಗೆದುಕೊಳ್ಳುತ್ತಾ ಬಂದಿದ್ದಾರೆ, ಎಷ್ಟೋ ವರ್ಷಗಳಿಂದ ಒಮ್ಮೆಯೂ ಬಿದ್ದಿಲ್ಲ. ಮನೆಯವರಿಗೂ ಯಾದಗಿರಿಯ ಡಾಕ್ಟರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸುರಪುರದ ಕಡೆಯ ಹುಡುಗನ ಜೊತೆ ನಿಶ್ಚಯ ಆಗಿದೆ.

"ಹುಡುಗಗ ನಾನ ಹೇಳೀನ್ರಿ," ಎಂದರು. "ಅಂವ ಹೂಂ ಅಂದಾನ. ಅವರ ಮನ್ಯಾಗ ಇಬ್ರೂ ಕೂಡಿ, ವ್ಯಾಳ್ಯಾ ನೋಡಿ ಹೇಳೂಣು ಅಂತ ಮಾಡಿದ್ವಿ. ನಮಕಿಂತ ಮೊದಲ ನಿಮ್ಮ ಮ್ಯಾಪ್ ಹೇಳಿಬಿಡ್ತು."

ಗುಳಿಗೆ ನಿಲ್ಲಬಾರದು, ಗಾಡಿ ಕಾಣಬಾರದು. ಆಕೆ ಕೇಳಿದ್ದು ಇಷ್ಟೇ. "ಆಗ್ತೈತೇನ್ರಿ?"

"ಆಗ್ತೈತ್ರಿ," ಎಂದೆ. ನನ್ನದೇ ದನಿಯಲ್ಲಿ ಹೇಳಿದೆ. ಅದು ಹೇಗಿರುತ್ತದೆಂದು ನನಗೇ ಮರೆತುಹೋಗಿತ್ತು.

ಸಾಹೇಬರಿಗೆ ಹೇಳಿದಾಗ ಅವರು ಕುರ್ಚಿಯಿಂದ ಏಳಲೇ ಇಲ್ಲ. "ಮ್ಯಾಪಿನಾಗ ಹೆಸರ ಐತೇನು? ಇಲ್ಲ. ಫೋನ್ ನಂಬರ ಐತೇನು? ಇಲ್ಲ. ಮನಿ ಐತೇನು? ಅದೂ ಇಲ್ಲ, ಬರೇ ಒಂದು ಗೋಲ ಐತಿ. ಮತ್ತ ಹ್ಯಾಂಗ ಗೊತ್ತಾಗ್ತೈತಿ? ಆ ಹುಡುಗ್ರು ಸುಮ್ನ ಅಂದಾಜ ಹೊಡ್ದಿರಬೇಕು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಮ್ಯಾಪನ್ನು ಯಾರು ಬೇಕಾದರೂ ನೋಡಬಹುದಿತ್ತು, ಯಾಕೆಂದರೆ ಒಂದೇ ಗಾಡಿಗೆ ಹತ್ತು ಊರಿನವರು ಕಾಯುತ್ತಾರೆ. ಗಾಡಿ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಈಗ ಎಲ್ಲಿದೆ ಎಲ್ಲವೂ ಕಾಣುತ್ತಿತ್ತು. ಆದರೆ ನಿಂತ ಮನೆಯ ಮೇಲೆ ಚುಕ್ಕಿ ಇಡದೆ, ಸುತ್ತ ಒಂದು ಗೋಲ ಎಳೆದು ಅದರೊಳಗೆ ಎಲ್ಲೋ ಒಂದು ಕಡೆ ಎಂದು ತೋರಿಸುತ್ತಿದ್ದೆವು. ದೊಡ್ಡ ದೊಡ್ಡ ಊರುಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ನಮ್ಮ ಮ್ಯಾಪಿನ ಕೆಲಸವೆಲ್ಲ ಗುರುಮಠಕಲ್ ಕಡೆಯ ಒಬ್ಬ ಅಕ್ಕನದು. ಆಕೆ ಮಾತು ಕಡಿಮೆ, ಆದ್ದರಿಂದ ಆಕೆಯ ದನಿ ತೆಗೆಯುವುದು ಕಷ್ಟ. ಆ ದಿನ ಕಂಪ್ಯೂಟರನ್ನು ಸಾಹೇಬರ ಕಡೆ ತಿರುಗಿಸಿದರು. "ಇದು ಬೆಂಗಳೂರಿನ ಅಳತಿ ಗೋಲ್ರಿ. ಅಲ್ಲಿ ಇದರೊಳಗ ಸಾವಿರ ಮನಿ ಇರ್ತಾವ. ಮುದನಾಳದ ಓಣ್ಯಾಗ ಇಟ್ರ ಅರ್ಧ ಓಣಿ ಬರ್ತೈತಿ. ಟೀಚರ್ ಮನಿ ಕಡಿ ಇಟ್ರ ನೋಡ್ರಿ."

ನೋಡಿದೆವು. ಗೋಲದೊಳಗೆ ಹತ್ತಿ ಹೊಲ, ಒಂದು ಬೇವಿನ ಗಿಡ, ಒಂದು ಮನೆ, ಮನೆಯ ಪಕ್ಕ ಎಮ್ಮೆ ಕಟ್ಟುವ ಚಪ್ಪರ.

"ಎಮ್ಮಿ ಗುಳಿಗಿ ತಗೊಳ್ಳಾಂಗಿಲ್ಲ," ಎಂದೆ ನಾನು. ಯಾರೂ ನಗಲಿಲ್ಲ. ಹೇಳಿದ ಮೇಲೆ ನನಗೂ ನಗು ಬರಲಿಲ್ಲ.

ಇನ್ನೊಂದನ್ನೂ ಅಕ್ಕನೇ ತೋರಿಸಿದರು. ಯಾದಗಿರಿಗೆ ತಿಂಗಳಿಗೊಮ್ಮೆ ನರರೋಗದ ಡಾಕ್ಟರು ಬರುತ್ತಾರೆ. ಹಳ್ಳಿಯ ಬಾಯಲ್ಲಿ ಅದಕ್ಕೆ ಹುಚ್ಚರ ದವಾಖಾನೆ ಎಂದೇ ಹೆಸರು. ಮರುದಿನ ಆ ದವಾಖಾನೆಯ ಅಂಗಡಿಯಿಂದ ನಮ್ಮ ಗಾಡಿ ಹೊರಡುತ್ತದೆ. ಹೊರಟ ಜಾಗ ಮ್ಯಾಪಿನಲ್ಲಿದೆ, ನಿಂತ ಜಾಗವೂ ಇದೆ. ಎರಡರ ನಡುವೆ ಒಂದು ಗೆರೆ ಎಳೆಯಲು ಕಟ್ಟೆಯ ಮೇಲೆ ಕೂತ ಯಾರಿಗಾದರೂ ಬರುತ್ತದೆ. ಹೆಸರು ಬೇಕಾಗುವುದೇ ಇಲ್ಲ.

ಸಾಹೇಬರು ಇನ್ನೂ ಒಪ್ಪಲಿಲ್ಲ. ಹಾಗಾಗಿ ನಾವಿಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕಳ್ಳರ ಕೆಲಸ ಮಾಡಿದೆವು. ಆಫೀಸಿನ ಲೆಕ್ಕ ಮುಟ್ಟದೆ, ಎಲ್ಲರಿಗೂ ಕಾಣುವ ಮ್ಯಾಪು ಮಾತ್ರ ನೋಡಿ, ಯಾರ ಮನೆಗೆ ಏನು ಹೋಗುತ್ತದೆಂದು ಹುಡುಕಿದೆವು. ಕೊಂಕಲ್ ದಾರಿಯಲ್ಲಿ ಒಂಟಿ ಮನೆಯೊಂದಕ್ಕೆ ಕ್ಷಯದ ದವಾಖಾನೆ ಕಡೆಯಿಂದ ಗಾಡಿ ಹೋಗುವುದು ಕಂಡಿತು. ಆ ಗೋಲವನ್ನು ಅಕ್ಕ ಬೇಗ ಮುಚ್ಚಿಬಿಟ್ಟರು, ನೋಡಬಾರದ್ದನ್ನು ನೋಡಿದ ಹಾಗೆ. ಆಮೇಲೆ ಶಹಾಪುರದಲ್ಲೇ, ಚರ್ಮ ಮತ್ತು ಕೂದಲಿನ ಡಾಕ್ಟರ ಅಂಗಡಿಯಿಂದ ಹೊರಟು, ಹೊಸ ಬಡಾವಣೆಯ ತುದಿಯ ಮನೆಯ ಸುತ್ತ ತಿಂಗಳು ತಪ್ಪದೆ ಬೀಳುವ ಒಂದು ಗೋಲ ಸಿಕ್ಕಿತು. ಅದರೊಳಗೆ ಉಳಿದದ್ದೆಲ್ಲ ಇನ್ನೂ ಖಾಲಿ ನಿವೇಶನಗಳು.

ನಾನು ಎದ್ದು ನಿಂತು ಕಂಡಕ್ಟರನ ದನಿಯಲ್ಲಿ ಹೇಳಿದೆ: "ಸಾಹೇಬ್ರ ಕೂದ್ಲದ ಎಣ್ಣಿ ಬಂದೈತ್ರಿ, ಹೊರಗ ಬರ್ರಿ."

ಸಾಹೇಬರ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಅಲ್ಲೇ ಕೂತಿದ್ದ, ಟೀಚರ್ ಊರಿನ ಕಡೆ ಗಾಡಿ ಹೊಡೆಯುವ ಕಾಕಾ, ಚಹಾ ಉಗುಳಿಬಿಟ್ಟ. ಸಾಹೇಬರು ಕೈ ಇಳಿಸಿ, "ಬಂದ್ ಮಾಡ್ರಿ ಆ ಮ್ಯಾಪ್," ಎಂದರು.

ಮ್ಯಾಪು ಬಂದ್ ಆಯಿತು. ಆಗ ಶುರುವಾಯಿತು ನೋಡಿ. ಗಾಡಿ ಎಲ್ಲಿದೆ ಎಂದು ಗೊತ್ತಾಗದೆ ಸಕ್ಕರೆ ಕಾಯಿಲೆಯ ಮುದುಕರು ಬಿಸಿಲಲ್ಲಿ ರಸ್ತೆಗೆ ಬಂದು ನಿಲ್ಲತೊಡಗಿದರು. ಒಬ್ಬ ಅಜ್ಜಿ ದಿನಾ ಫೋನ್ ಮಾಡಿ, "ಎಲ್ಲಿ ಸತ್ತಿದಿಯೋ ಭಾಡ್ಯಾ," ಎಂದು ಕೇಳುತ್ತಿದ್ದಳು. ನಾನು ಆಕೆಯ ದನಿಯನ್ನೂ ಕಲಿತೆ. ಊರಿಂದ ಊರಿಗೆ ಹಾರ್ನ್ ಹೊಡೆದು ಹೊಡೆದು ಕಾಕಾನ ಹಾರ್ನೇ ಕೆಟ್ಟಿತು. ವಾರದೊಳಗೆ ಅಂಗಡಿಯವರೆಲ್ಲ ದೂರು ತಂದರು. ಮ್ಯಾಪು ಮತ್ತೆ ಬಂತು.

ಈ ಸಲ ಅಕ್ಕ ಗೋಲವನ್ನು ದೊಡ್ಡದು ಮಾಡಿದರು. ಎಷ್ಟು ದೊಡ್ಡದೆಂದರೆ, ಗಾಡಿ ಮೂರು ಊರುಗಳಲ್ಲಿ ಯಾವುದರಲ್ಲಿದ್ದರೂ ಇರಬಹುದು. ಮೊದಲು ಬೈದವರೇ ಮತ್ತೆ ಬೈದರು. ಅದನ್ನೂ ಬಿಟ್ಟೆವು. ಆಮೇಲೆ ಗಾಡಿ ಪೇಟೆ ದಾಟಿ ಬಂದ ಮೇಲಷ್ಟೇ ಕಾಣುವ ಹಾಗೆ ಮಾಡಿದರು. ಯಾವ ಅಂಗಡಿಯಿಂದ ಹೊರಟಿತೆಂಬುದು ಮುಚ್ಚಿತು. ನಿಂತ ಜಾಗಗಳ ಗುರುತು ದಿನ ಮುಗಿದ ಕೂಡಲೇ ಅಳಿಸಿಹೋಗುವಂತೆ ಮಾಡಿದರು. ಇದು ಕೆಲಸಕ್ಕೆ ಬಂತು. ಆದರೆ ಹೊಲದ ಮನೆ ಹೊಲದಲ್ಲೇ ಇತ್ತು. ಅಷ್ಟು ದೂರದ ಕಾಲುದಾರಿಗೆ ಒಂದು ಗಾಡಿ ಹೊರಳಿತೆಂದರೆ ಯಾರ ಮನೆಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ನಾವು ಹೀಗೆ ಅಳೆಯುತ್ತಾ ಅಳಿಸುತ್ತಾ ಇರುವಾಗ ಒಂದು ದಿನ ಗಡಸು ದನಿಯವರೊಬ್ಬರು ಫೋನ್ ಮಾಡಿದರು. ಟೀಚರ್ ಅವರ ತಂದೆ. "ಇನ್ನ ಮ್ಯಾಲ ನಮ್ಮ ಮನಿಗೆ ಏನೂ ತರಬ್ಯಾಡ್ರಿ. ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲ."

"ಆದ್ರ ಯಜಮಾನ್ರ, ಆ ಗುಳಿಗಿ ನಡುವ ಬಿಡಬಾರ್ದಂತ್ರಿ, ಡಾಕ್ಟ್ರನ್ನ ಒಂದ್ಸಲ..."

"ನೀ ಆ ದನಿಯವ ಅಲ್ಲೇನು?" ಎಂದರು. "ನಿನ್ನ ದನಿ ನಮ್ಮ ಮನ್ಯಾಗೂ ಕೇಳೀವಿ, ಕಟ್ಟಿ ಮ್ಯಾಲೂ ಕೇಳೀವಿ. ಸಾಕು."

ಮರುದಿನ ಟೀಚರ್ ಶಾಲೆಯಿಂದ ಫೋನ್ ಮಾಡಿದರು. ಸುರಪುರದ ಕಡೆಯ ಹಿರಿಯರಿಗೆ ಸುದ್ದಿ ಮುಟ್ಟಿತ್ತು, ಬಂದು ನೋಡುತ್ತೇವೆ ಎಂದಿದ್ದರು. ಏನು ನೋಡುತ್ತಾರೋ. "ಗಾಡಿ ಬರೂದು ನಿಂತ್ರ ಮಂದಿ ಮರೀತಾರ ಅಂತಾರ ನಮ್ಮಪ್ಪ. ಮದುವಿ ಆಗೂತನಕ ಗುಳಿಗಿ ಬ್ಯಾಡಂತ. ಇಷ್ಟ ವರ್ಷ ಬಿದ್ದಿಲ್ಲಲ್ಲ, ಈಗ ಬೀಳ್ತಿ ಏನು ಅಂತಾರ. ಬಿದ್ದಿಲ್ಲದ್ದ ಗುಳಿಗಿ ತಗೊಂಡಿದ್ದಕ್ಕ ಅಂತ ಅವರಿಗೆ ಹ್ಯಾಂಗ ಹೇಳ್ಲಿ?" ಉಳಿದ ಗುಳಿಗೆಗಳನ್ನು ಅರ್ಧರ್ಧ ಮುರಿದು ಕದ್ದು ತೆಗೆದುಕೊಳ್ಳುತ್ತಿದ್ದರು. ಹೆಡ್‌ಮಾಸ್ತರರೂ ಕರೆದು, ಮಕ್ಕಳ ಮುಂದೆ ಬಿದ್ದರೆ ಹೇಗಮ್ಮ ಎಂದು ಕೇಳಿದ್ದರಂತೆ.

ಆ್ಯಪು, ಗೋಲ, ಚುಕ್ಕಿ ಎಲ್ಲ ಬದಿಗಿಟ್ಟು ನಾನು ಹೇಳಿದೆ, "ನಾನ ತಂದ್ ಕೊಡ್ತೀನ್ರಿ. ಗಾಡಿ ಬ್ಯಾಡ. ಸೈಕಲ್ ಮ್ಯಾಲ ಬರ್ತೀನಿ, ಪಾತ್ರಿ ಮಾರವ್ನಾಗಿ." ಅಲ್ಲೇ ದನಿ ತೆಗೆದು ತೋರಿಸಿದೆ: "ಹಳೀ ಸೀರಿ, ಹರಕ ಪ್ಯಾಂಟೂ, ಸ್ಟೀಲಿನ ಪಾತ್ರೇ..."

ಆಗ ಆಕೆ ನಕ್ಕರು. ನಾನು ಕೇಳಿದ್ದು ಅದೊಂದೇ ಸಲ. "ಬರ್ರಿ. ಆದ್ರ ನಮ್ಮವ್ವ ಖರೇನ ಹಳೀ ಸೀರಿ ಹೊತಗೊಂಡ ಬರ್ತಾಳ ನೋಡ್ರಿ, ಚೌಕಾಸಿ ಮಾಡ್ತಾಳ."

"ಮಾಡ್ಲಿ. ಡಬ್ಬಿ ನಿಮ್ಮ ಕೈಯಾಗ ಕೊಡ್ತೀನಿ. ಗುಳಿಗಿ ಅದರೊಳಗ ಅರಿವಿ ಕೆಳಗ ಇರ್ತಾವ."

ಗುರುವಾರ ಎಂದು ಗೊತ್ತುಮಾಡಿದರು. ಆ ದಿನ ತಂದೆ ಶಹಾಪುರಕ್ಕೆ ಬರುವವರಿದ್ದರು. ಡಾಕ್ಟರ ಚೀಟಿಯ ಫೋಟೋ ಕಳಿಸಿದರು. ನಾನು ಒಂದು ಸ್ಟೀಲ್ ಡಬ್ಬಿ ಕೊಂಡೆ. ಮುಚ್ಚಳ ಬಿಗಿಯಾಗಿ ಕೂರುವುದನ್ನು ಆರಿಸಿ ತಂದೆ. ಅಂಗಡಿಯಿಂದ ಗುಳಿಗೆ ತಂದು ಅದರಲ್ಲಿಟ್ಟೆ. ಅಕ್ಕ ಒಂದು ಹಳೆಯ ಕರವಸ್ತ್ರ ಕೊಟ್ಟರು, ಮೇಲೆ ಮುಚ್ಚಲು.

ಅದೇ ವಾರವೇ ಅಕ್ಕನಿಗೆ ದಾರಿ ಸಿಕ್ಕಿದ್ದು. ಗಾಡಿಗಳು ಕಳಿಸುವ ಕಚ್ಚಾ ಗುರುತುಗಳನ್ನು, ಅಂದರೆ ಕಂಪ್ಯೂಟರು ಸ್ವಚ್ಛ ಮಾಡುವುದಕ್ಕೆ ಮುಂಚಿನವನ್ನು, ತೆರೆದು ನೋಡುತ್ತಿದ್ದರು. ಕಾಕಾನ ಗಾಡಿ ಔಷಧ ಇಲ್ಲದ ಕಡೆಯೂ ಬೇಕಾದಷ್ಟು ಸಲ ನಿಂತಿತ್ತು. ಅವನ್ನೆಲ್ಲ ಕಸವೆಂದು ನಮ್ಮ ಕಂಪ್ಯೂಟರೇ ಅಳಿಸಿ ಹಾಕುತ್ತಿತ್ತು.

"ಇಲ್ಲೇನ ಮಾಡ್ತಿದ್ರಿ ಕಾಕಾ?" ಎಂದು ಸಾಹೇಬರು ಕೇಳಿದರು.

"ನೀರ ಕುಡಿಯಾಕ ನಿಂತಿದ್ದೆ ಸಾಹೇಬ್ರ."

"ಇಲ್ಲಿ?"

"ಅಲ್ಲೂ ನೀರಽ."

"ಇಷ್ಟ ನೀರ ಕುಡೀತಾನಂದ್ರ ಇಂವ ಗಾಡಿ ಹೊಡಿತಾನೋ, ಗದ್ದಿಗೆ ನೀರ ಹಾಯಿಸ್ತಾನೋ?" ಎಂದೆ ನಾನು. ಕಾಕಾ ನನ್ನ ತಲೆಗೆ ಒಂದು ಕೊಟ್ಟ. ನಮ್ಮ ಬಿಸಿಲಿನಲ್ಲಿ ಯಾವ ಗಾಡಿ ಯಾವ ಮನೆಯ ಮುಂದೆ ನಿಂತರೂ ನೀರಿಗೆ ಎಂದರೆ ಮುಗಿಯಿತು. ಯಾರ ಮನೆಯವರೂ ಇಲ್ಲ ಎನ್ನುವುದಿಲ್ಲ, ಯಾಕೆ ಬಂದೆ ಎಂದೂ ಕೇಳುವುದಿಲ್ಲ. ತಂಬಿಗೆ ತಂದುಕೊಡುತ್ತಾರೆ, ಅಷ್ಟೇ.

ಅಕ್ಕ ಬೆರಳಿನಿಂದ ಆ ಕಸದ ಚುಕ್ಕಿಗಳನ್ನು ತೋರಿಸುತ್ತಾ, "ಇವನ್ನ ಅಳಸಬಾರ್ದಿತ್ತು ನಾವು," ಎಂದರು. "ಒಂದ ಮನಿ ಮುಂದ ನಿಂತ್ರ ಆ ಮನಿ ಕಾಣ್ತೈತಿ. ಎಲ್ಲಾ ಮನಿ ಮುಂದ ನಿಂತ್ರ ಯಾವ ಮನೀನೂ ಕಾಣಾಂಗಿಲ್ಲ."

ಸಾಹೇಬರು ತಲೆ ಕೆರೆದುಕೊಂಡರು. ಗಾಡಿ ತಡವಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಒಂದು ದಿನಕ್ಕೆ ಮುಟ್ಟಿಸುವ ಔಷಧ ಕಡಿಮೆಯಾಗುತ್ತದೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡರು. ಆಮೇಲೆ ಕಿಟಕಿ ಕಡೆ ತಿರುಗಿ, "ಆಗ್ಲಿ. ನಿಲ್ರಿ ಎಲ್ಲಾ ಕಡಿ," ಎಂದರು. ಅವರ ದನಿ ನೂರು ಸಲ ತೆಗೆದಿದ್ದೇನೆ. ಆ ಮಾತನ್ನು ಮಾತ್ರ ಒಮ್ಮೆಯೂ ತೆಗೆದಿಲ್ಲ.

ಪ್ರತಿ ಸುತ್ತಿಗೂ ಯಾವ ಯಾವ ಮನೆಯ ಮುಂದೆ ಸುಮ್ಮನೆ ನಿಲ್ಲಬೇಕೆಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತಬೇಕು. ಊರೊಳಗಿನವು, ಹೊಲದವು, ಗಿರಾಕಿಗಳವು, ಅಲ್ಲದವು, ಎಲ್ಲ ಬೆರೆಯಬೇಕು. ಅಕ್ಕ ಅದನ್ನು ಬರೆಯಲು ಕೂತರು. ಮುಂದಿನ ಸೋಮವಾರದಿಂದ ಶುರು ಎಂದಾಯಿತು.

ಬುಧವಾರ ಮಧ್ಯಾಹ್ನ ಕಾಕಾ ಆ ಕಡೆಯಿಂದ ಬಂದ. ಮೆಟ್ಟಿಲು ಹತ್ತಿ ಬಂದವನು ಕೂರಲಿಲ್ಲ. ನಾನು ಅವನ ಹಾಗೆಯೇ ಏದುಸಿರು ಬಿಟ್ಟು, "ನೀರ ಬೇಕೇನ ಕಾಕಾ?" ಎಂದೆ.

"ಆ ಟೀಚರ್ ಬಿದ್ದಾಳಂತ ತಮ್ಮಾ," ಎಂದ. "ಮುಂಜಾನಿ. ರೊಟ್ಟಿ ಬಡೀತಿದ್ಳಂತ."

ಒಲೆಯ ಮೇಲೆ ಬಿದ್ದಿದ್ದರು. ಅವ್ವ ಎಮ್ಮೆ ಹಿಂಡಲು ಹೊರಗೆ ಹೋಗಿದ್ದಳು. ಕೈ, ಕೊರಳು, ಮುಖದ ಒಂದು ಬದಿ. ಶಹಾಪುರದಲ್ಲಿ ಆಗುವುದಿಲ್ಲವೆಂದು ಕಲಬುರಗಿಗೆ ಒಯ್ದಿದ್ದರು. ನಮ್ಮ ಆಫೀಸಿನ ಕೆಳಗಿನ ರಸ್ತೆಯಲ್ಲೇ ಆಕೆಯನ್ನು ಒಯ್ದ ಗಾಡಿ ಹೋಗಿರಬೇಕು. ನಾವು ಮೇಲೆ ಕೂತು ಚುಕ್ಕಿ ಎಣಿಸುತ್ತಿದ್ದೆವು.

ಜೀವ ಉಳಿಯಿತು. ಹುಡುಗ ಕಲಬುರಗಿಗೆ ಬಂದು ನೋಡಿ ಹೋದನೆಂದು ಕಾಕಾ ಕೇಳಿಕೊಂಡು ಬಂದ. ಆಮೇಲೆ ಮದುವೆ ಇಲ್ಲ ಎಂದಾಯಿತು. ಶಾಲೆಯಲ್ಲಿ ಬೇರೆಯವರು ಬಂದರು. ಟೀಚರ್ ಊರಿಗೆ ಮರಳಲಿಲ್ಲ, ಯಾವುದೋ ಬಳಗದವರ ಮನೆಯಲ್ಲಿದ್ದಾರಂತೆ. ನಾನು ಒಮ್ಮೆ ಫೋನ್ ಮಾಡಿದೆ. ಆ ನಂಬರು ಬಂದ್ ಆಗಿತ್ತು.

ಸೋಮವಾರ ಹೇಳಿದಂತೆಯೇ ಗಾಡಿಗಳು ಎಲ್ಲ ಕಡೆ ನಿಲ್ಲಲು ಶುರುಮಾಡಿದವು. ಮೊದಲ ವಾರ ಗೊಂದಲವಾಯಿತು. ಒಬ್ಬ ಚಾಲಕ ಒಂದೇ ಸುತ್ತಿನಲ್ಲಿ ಕೇಳಿದ ಕಡೆಯೆಲ್ಲ ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಬಂದ. ಕುಡಿಯಲೇಬೇಕೆಂದಿಲ್ಲ, ಬಾಟಲಿಗೆ ಹಾಕಿಸಿಕೊಂಡರೂ ಆಗುತ್ತದೆಂದು ಹೇಳಬೇಕಾಯಿತು. ಮೆಲ್ಲಗೆ ಎಲ್ಲ ಹದಕ್ಕೆ ಬಂತು. ಈಗ ನಮ್ಮ ಮ್ಯಾಪು ನೋಡಿದರೆ ಇಡೀ ಜಿಲ್ಲೆಗೇ ಕಾಯಿಲೆ ಇದ್ದಂತೆ ಕಾಣುತ್ತದೆ. ಕಟ್ಟೆಯ ಹುಡುಗರಿಗೆ ಅದರಿಂದ ಏನೂ ತೆಗೆಯಲಾಗುವುದಿಲ್ಲ. ಅವರು ಈಗ ಯಾರ ದನಿಯನ್ನೂ ತೆಗೆಯುವುದಿಲ್ಲವೆಂದು ಕಾಕಾ ಹೇಳುತ್ತಾನೆ. ಗಾಡಿ ಕಂಡರೆ ಫೋನ್ ನೋಡುತ್ತಾ ಕೂರುತ್ತಾರಂತೆ.

ನನ್ನ ದನಿಯನ್ನೂ ಆ್ಯಪಿನಿಂದ ತೆಗೆಸಿದೆ. ಈಗ ಅದರ ಬದಲು ಒಂದು ಸಣ್ಣ ಗಂಟೆ ಬಡಿಯುತ್ತದೆ. ಬೈಯುವ ಅಜ್ಜಿ ಫೋನ್ ಮಾಡಿ, "ಆ ಕಂಡಕ್ಟರ್ ಎಲ್ಲಿ ಹೋದ್ನೋ? ಅಂವ ಛಲೋ ಇದ್ದ," ಎಂದಳು. ರಜೆಗೆ ಹೋಗಿದ್ದಾನೆ ಎಂದೆ.

ಫೋನ್ ಎತ್ತುವ ನಮಗೆ ಈಗ ಗಿರಾಕಿಯ ಹೆಸರೂ ಊರೂ ಕಾಣುವುದಿಲ್ಲ, ಒಂದು ಗುರುತಿನ ಸಂಖ್ಯೆ ಮಾತ್ರ. ಅದೂ ಅಕ್ಕನ ಕೆಲಸವೇ. ಸುರಪುರದ ಅಂಗಡಿಯಿಂದ ತಿಂಗಳಿಗೊಮ್ಮೆ ಅದೇ ಗುಳಿಗೆ, ಅದೇ ಅಳತೆಯದು, ಒಂದು ಸಂಖ್ಯೆಗೆ ಹೋಗುತ್ತದೆ. ಆಕೆಯೇ ಇರಬಹುದು. ಆ ಗುಳಿಗೆ ನುಂಗುವವರು ಎಷ್ಟೋ ಮಂದಿ ಇದ್ದಾರೆ, ಆಕೆ ಅಲ್ಲದಿರಲೂಬಹುದು. ಅಕ್ಕ ಬೇಕೆಂದರೆ ತೆರೆದು ನೋಡಬಲ್ಲರು. ಒಂದು ಸಲ ನನ್ನ ಮುಖ ನೋಡಿ, "ನೋಡ್ಲೇನು?" ಎಂದರು. ಬ್ಯಾಡ್ರಿ ಎಂದೆ. ಸ್ಟೀಲ್ ಡಬ್ಬಿ ಆಫೀಸಿನ ಕಪಾಟಿನಲ್ಲಿದೆ. ಗುಳಿಗೆಗಳನ್ನು ಅಂಗಡಿಗೆ ಹಿಂದಿರುಗಿಸಿದ್ದೇನೆ. ಕರವಸ್ತ್ರ ಒಳಗೇ ಇದೆ.

ಈ ಬೇಸಿಗೆಯಲ್ಲಿ ಗಾಡಿಗಳು ಸರಿಯಾಗಿ ನಿಲ್ಲುತ್ತವೆಯೇ ಎಂದು ನೋಡಲು ಕಾಕಾನ ಜೊತೆ ನಾನೂ ಹೋದೆ. ವನದುರ್ಗದ ಕಡೆ ಹೊರಳಿದ ಮೇಲೆ ಕಾಕಾನ ಫೋನಿನಲ್ಲಿ ಮುಂದಿನ ನಿಲ್ಲುವ ಜಾಗ ಬಂತು. ಹೊಲ, ಬೇವಿನ ಗಿಡ, ಚಪ್ಪರ. ಅಲ್ಲಿಗೆ ಔಷಧ ಏನೂ ಇರಲಿಲ್ಲ. ಕಂಪ್ಯೂಟರು ಕಣ್ಣು ಮುಚ್ಚಿ ಎತ್ತಿದ ಚೀಟಿ ಅದು.

ಕಾಕಾ ನನ್ನ ಕಡೆ ನೋಡಿದ. "ಮುಂದ ಹೋಗ್ಲೇನ ತಮ್ಮಾ?"

ಹೋಗಬಹುದಿತ್ತು. ಆದರೆ ಎಲ್ಲ ಮನೆಯ ಮುಂದೆ ನಿಲ್ಲುವ ಗಾಡಿ ಒಂದು ಮನೆಯನ್ನು ಮಾತ್ರ ಬಿಟ್ಟರೆ, ಬಿಟ್ಟದ್ದೇ ಗುರುತಾಗುತ್ತದೆ. "ನಿಲ್ಸು," ಎಂದೆ.

ತಂದೆ ಹೊರಗೆ ಬಂದರು. ನಾನಂದುಕೊಂಡಷ್ಟು ಎತ್ತರವಿರಲಿಲ್ಲ. ನೀರು ಎಂದು ಕಾಕಾ ಕೇಳಿದ. ಒಳಗೆ ಹೋಗಿ ತಂಬಿಗೆ ತಂದು ಮೊದಲು ನನ್ನ ಕೈಗೇ ಕೊಟ್ಟರು. "ಯಾವೂರಪ್ಪಾ ನಿಂದು?" ಎಂದು ಕೇಳಿದರು.

ಬಾಯಿ ತೆರೆದೆ. ಕಂಡಕ್ಟರು, ಅತ್ತೆ, ಪಾತ್ರೆ ಮಾರುವವನು, ಸಾಹೇಬರು, ಬೈಯುವ ಅಜ್ಜಿ, ಎಲ್ಲರೂ ಗಂಟಲಿಗೆ ಬಂದರು. ಯಾರನ್ನು ಹೊರಗೆ ಬಿಟ್ಟರೂ ಅದರೊಳಗೆ ಆ ದನಿ ಇರುತ್ತದೆ, ಆ ಮನೆ ಅದನ್ನು ಗುರುತಿಸುತ್ತದೆ. ಕೊರಳ ಮೇಲೆ ಕೈ ಇಟ್ಟು ಇಲ್ಲ ಎಂದು ತಲೆ ಆಡಿಸಿದೆ.

"ಅವಗ ಮಾತ ಬರಂಗಿಲ್ರಿ," ಎಂದ ಕಾಕಾ.

"ಹುಟ್ಟಾ?"

"ಇಲ್ರಿ. ಈಗೀಗ."

ತಂದೆ ನನ್ನನ್ನು ನೋಡುತ್ತಾ ನಿಂತರು. "ತೋರಸ್ರಿ ದವಾಖಾನಿಗೆ," ಎಂದರು. "ಔಷಧಾ ಕೊಟ್ರ ಬಿಡಸಬ್ಯಾಡ್ರಿ. ಮಂದಿ ಏನಂದಾರು ಅಂತ ಬಿಡಸಬ್ಯಾಡ್ರಿ."

ಕಾಕಾ ಹೂಂ ಎಂದ. ನಾನು ತಂಬಿಗೆ ಎತ್ತಿ ಬಾಯಿಗೆ ಸುರಿದುಕೊಂಡೆ. ನೀರು ಮುಗಿದ ಮೇಲೂ ಅದನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದೆ.